260ರ ಗಡಿ: ಒಂದು ಎಎಚ್‌ಎಲ್ ತಂಡದ ಬೇಸಿಗೆ ಲೆಕ್ಕ

ಹಾಕಿ ಎಂದರೆ ನಮ್ಮವರಿಗೆ ಕೊಡಗು ನೆನಪಾಗುತ್ತದೆ, ಕೊಡವ ಮನೆತನಗಳ ಪಂದ್ಯಾವಳಿ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಐಸ್ ಹಾಕಿಯ ವಿಷಯ. ಅದೂ ಟೀವಿಯಲ್ಲಿ ಕಾಣುವ, ಅಮೆರಿಕ-ಕೆನಡಾದ ಅತಿ ಮೇಲಿನ ಲೀಗಾದ ಎನ್‌ಎಚ್‌ಎಲ್‌ನದಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿರುವ ಅಮೆರಿಕನ್ ಹಾಕಿ ಲೀಗಿನದು, ಅಂದರೆ ಎಎಚ್‌ಎಲ್‌ನದು. ಈಶಾನ್ಯ ಅಮೆರಿಕದ ಒಂದು ಹಳೇ ಗಿರಣಿ ಊರಿನ ತಂಡದಲ್ಲಿ ಎರಡು ಸೀಸನ್ ಅರೆಕಾಲಿಕ ಕೆಲಸ ಮಾಡಿದ್ದೆ. ಹಗಲು ಸಾಫ್ಟ್‌ವೇರ್, ಸಂಜೆ ಆಟಗಾರರ ಪಟ್ಟಿ. ಯಾರ ಒಪ್ಪಂದ ಯಾವಾಗ ಮುಗಿಯುತ್ತದೆ, ಯಾರು ಎಷ್ಟು ಪಂದ್ಯ ಆಡಿದ್ದಾರೆ, ಯಾರನ್ನು ಎಲ್ಲಿಗೆ ಕಳಿಸಬಹುದು ಎಂಬುದನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಇಡುವುದು ನನ್ನ ಪಾಲಿಗೆ ಬಂದ ಕೆಲಸ.

ಆ ಎರಡರಲ್ಲಿ ಮೊದಲ ಬೇಸಿಗೆಯ ಪ್ರಕರಣ ಇದು. ಊರು, ವರ್ಷ, ಆಟಗಾರರ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಅಂಕಿಗಳನ್ನೂ ಒಂದಿಷ್ಟು ಅತ್ತಿತ್ತ ಸರಿಸಿದ್ದೇನೆ. ಲೀಗಿನ ನಿಯಮಗಳನ್ನು ಮಾತ್ರ ಇದ್ದಂತೆಯೇ ಬರೆದಿದ್ದೇನೆ. ಪ್ರಕರಣ ನಿಂತಿರುವುದೇ ಅವುಗಳ ಮೇಲೆ. ಮೂವರು ಆಟಗಾರರಿಗೆ ನಾನೇ ಇಟ್ಟ ಅಡ್ಡಹೆಸರುಗಳಿವೆ: ಯಜಮಾನ, ಗಡಿಯವ, ಕಿರಿಯ.

ಹಿನ್ನೆಲೆ

ಎಎಚ್‌ಎಲ್ 1936ರಿಂದ ನಡೆಯುತ್ತಿದೆ. ಈಗ 32 ತಂಡ, ಪ್ರತಿಯೊಂದಕ್ಕೂ ಮೇಲೆ ಒಂದು ಎನ್‌ಎಚ್‌ಎಲ್ ತಂಡ. ಎನ್‌ಎಚ್‌ಎಲ್‌ನಲ್ಲಿ ಇವತ್ತು ಆಡುತ್ತಿರುವವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಜನ ಈ ಮೆಟ್ಟಿಲು ಹತ್ತಿಯೇ ಹೋದವರು. ಆದ್ದರಿಂದ ಹೊರಗಿನವರು ಇದನ್ನು ತರಬೇತಿ ಶಾಲೆ ಎಂದುಕೊಳ್ಳುತ್ತಾರೆ. ಟಿಕೆಟ್ ಕೊಂಡು ಬರುವ ಊರಿನವರಿಗೆ ಅದು ಶಾಲೆಯಲ್ಲ, ಅವರ ತಂಡ. ಶನಿವಾರ ರಾತ್ರಿ ಗೆಲ್ಲಬೇಕು, ಅಷ್ಟೆ.

ನಮ್ಮ ತಂಡದ ಮಾಲೀಕರು ಊರಿನವರೇ. ಮೇಲಿನ ತಂಡದೊಂದಿಗೆ ಅವರದು ಸಂಬಂಧದ ಕರಾರು ಮಾತ್ರ. ಕೋಚನ್ನೂ ಬಹುಪಾಲು ಆಟಗಾರರನ್ನೂ ಮೇಲಿನವರು ಕೊಡುತ್ತಾರೆ. ರಿಂಕಿನ ಬಾಡಿಗೆ, ಟಿಕೆಟ್, ಪಾಪ್‌ಕಾರ್ನ್ ಎಲ್ಲ ಮಾಲೀಕರದು. ಜೊತೆಗೆ ಕೆಲವರನ್ನು ತಮ್ಮದೇ ದುಡ್ಡಿನಲ್ಲಿ ಎಎಚ್‌ಎಲ್ ಒಪ್ಪಂದದ ಮೇಲೆ ಇಟ್ಟುಕೊಳ್ಳುವ ಹಕ್ಕೂ ಅವರಿಗಿದೆ. ಅವರ ಬಾಯಲ್ಲಿ ಸದಾ ಒಂದೇ ಉದಾಹರಣೆ, ಹರ್ಷಿ ಬೇರ್ಸ್. ಪೆನ್ಸಿಲ್ವೇನಿಯಾದ ಆ ಚಾಕೊಲೇಟ್ ಊರು 1938ರಿಂದ ಈ ಲೀಗಿನಲ್ಲಿದೆ, ಲೀಗಿನ ಚಾಂಪಿಯನ್ನರಿಗೆ ಸಿಗುವ ಕ್ಯಾಲ್ಡರ್ ಕಪ್ಪನ್ನು 13 ಸಲ ಗೆದ್ದಿದೆ. ಅಲ್ಲೂ ಮೇಲೆ ಒಂದು ಎನ್‌ಎಚ್‌ಎಲ್ ತಂಡವಿದೆ, ಆದರೂ ಊರಿನ ಜನಕ್ಕೆ ಬೇರ್ಸೇ ದೊಡ್ಡದು. ನಮ್ಮ ಮಾಲೀಕರಿಗೂ ಅದೇ ಬೇಕಿತ್ತು. ಮೇಲಿನವರಿಗೆ ಬೇಕಿದ್ದದ್ದು ತಾವು ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಎಳೆಯರನ್ನು ಹೆಕ್ಕಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, ಆರಿಸಿದ ಹುಡುಗರಿಗೆ ಐಸಿನ ಮೇಲೆ ನಿಮಿಷಗಳು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನೊಗ ಹೊತ್ತವನು ನಮ್ಮ ಜನರಲ್ ಮ್ಯಾನೇಜರ್. ಆತ ಮೇಲಿನ ತಂಡದ ಸಹಾಯಕ ಜನರಲ್ ಮ್ಯಾನೇಜರ್ ಕೂಡ ಹೌದು. ಈ ಲೀಗಿನಲ್ಲಿ ಅದು ಮಾಮೂಲಿ ಏರ್ಪಾಡು.

ಇನ್ನು ನಿಯಮ. ಇದನ್ನು ತಾಳ್ಮೆಯಿಂದ ಓದಬೇಕು. ಒಂದು ಪಂದ್ಯಕ್ಕೆ ಇಬ್ಬರು ಗೋಲ್‌ಕೀಪರ್‌ಗಳನ್ನು ಬಿಟ್ಟು 18 ಜನ ಜೆರ್ಸಿ ತೊಡಬಹುದು. ಅವರಲ್ಲಿ ಕನಿಷ್ಠ 13 ಜನ ‘ಬೆಳೆಯುತ್ತಿರುವ ಆಟಗಾರರು’ ಆಗಿರಬೇಕು. ಆ 13ರಲ್ಲಿ 12 ಜನ ಆಡಿರುವ ವೃತ್ತಿಪರ ಪಂದ್ಯಗಳು 260 ಮೀರಿರಬಾರದು. ಉಳಿದ ಒಬ್ಬನಿಗೆ 320ರವರೆಗೆ ರಿಯಾಯಿತಿ. ಅಂದರೆ ನಿಜವಾದ ಹಳಬರಿಗೆ, ಅಲ್ಲಿನ ಮಾತಿನಲ್ಲಿ ವೆಟರನ್‌ಗಳಿಗೆ, ಸಿಗುವುದು ಐದೇ ಜಾಗ. ಎಣಿಕೆ ಸೀಸನ್ ಶುರುವಾಗುವ ದಿನಕ್ಕೆ ನಿಲ್ಲುತ್ತದೆ. ಆ ದಿನ 260 ಇದ್ದವನು ಇಡೀ ವರ್ಷ ಎಳೆಯ, 261 ಇದ್ದವನು, ಆ ಒಂದು ರಿಯಾಯಿತಿ ಸಿಗದಿದ್ದರೆ, ಮೊದಲ ಪಂದ್ಯದಿಂದಲೇ ಹಳಬ.

ಹೀಗಾಗಿ ಈ ಲೀಗಿನಲ್ಲಿ ಎಲ್ಲಕ್ಕಿಂತ ಅಪರೂಪದ ಸರಕು 200ರಿಂದ 260ರೊಳಗೆ ಆಡಿದವನು. ಪೆಟ್ಟು ತಿಂದು ಪಾಠ ಕಲಿತಿದ್ದಾನೆ, ಕಾಗದದ ಮೇಲೆ ಇನ್ನೂ ಹುಡುಗ. ಅಂಥವನು ನಮ್ಮಲ್ಲಿ ಒಬ್ಬನಿದ್ದ.

ಗೋಡೆಯ ಮೇಲಿನ ಹಲಗೆ

ಮೇ ತಿಂಗಳಲ್ಲಿ ಐಸು ತೆಗೆದ ರಿಂಕು ನೋಡಿದವರಿಗೆ ಗೊತ್ತು, ಮದುವೆ ಮುಗಿದ ಮಾರನೇ ದಿನದ ಛತ್ರದ ಹಾಗಿರುತ್ತದೆ. ಬರಿಯ ಕಾಂಕ್ರೀಟ್ ನೆಲ, ಮೂಲೆಯಲ್ಲಿ ಮಡಿಸಿಟ್ಟ ಜಾಹೀರಾತು ಹಲಗೆಗಳು, ಎಷ್ಟು ತೊಳೆದರೂ ಹೋಗದ ಹಳೇ ಗ್ಲೌಸಿನ ವಾಸನೆ. ಮೇಲಿನ ಮಹಡಿಯ ಕೋಣೆಯಲ್ಲಿ ಒಂದು ಬಿಳಿ ಹಲಗೆ, ಅದರ ಮೇಲೆ ಆಟಗಾರರ ಹೆಸರು ಬರೆದ ಅಯಸ್ಕಾಂತದ ಬಿಲ್ಲೆಗಳು. ಹಳಬರಿಗೆ ಕೆಂಪು, 320ರೊಳಗಿನ ಆ ಒಬ್ಬನಿಗೆ ಹಳದಿ, ಉಳಿದವರಿಗೆ ನೀಲಿ. ಎಕ್ಸೆಲ್ ಹಾಳೆ ನನ್ನದಾದರೂ ನಿರ್ಧಾರಗಳೆಲ್ಲ ಆಗುತ್ತಿದ್ದದ್ದು ಈ ಹಲಗೆಯ ಮುಂದೆ ನಿಂತು, ಕಾಫಿ ಕಪ್ಪು ಕೈಯಲ್ಲಿ ಹಿಡಿದು.

ಆ ಮೇ ತಿಂಗಳಲ್ಲಿ ಹಲಗೆಯ ಮೇಲೆ ಐದು ಕೆಂಪು ಬಿಲ್ಲೆಗಳಿದ್ದವು. ಮೊದಲನೆಯದು ಯಜಮಾನ, 31 ವಯಸ್ಸಿನ ನಾಯಕ, ಡಿಫೆನ್ಸಿನವನು, 600 ಪಂದ್ಯ ದಾಟಿದವನು. ಹಳದಿ ಬಿಲ್ಲೆ 290ರ ಆಸುಪಾಸಿನ ಇನ್ನೊಬ್ಬ ಡಿಫೆನ್ಸಿನವನದು. ಮೇಲಿನವರು ಆ ವರ್ಷ ಕಳಿಸಲಿದ್ದ ಹೊಸ ಹುಡುಗರು ಮೂವರು. ಕಾಲೇಜು ಮುಗಿಸಿ ಬಂದವನೊಬ್ಬ, ಸ್ವೀಡನ್ನಿನವನೊಬ್ಬ, ಜೊತೆಗೆ ಕೆನಡಾದ ಜೂನಿಯರ್ ಲೀಗಿನಿಂದ ಬರಲಿದ್ದ ಕಿರಿಯ.

ಕಿರಿಯನ ಬರುವಿಕೆಯೇ ಒಂದು ಕೂದಲೆಳೆಯ ಲೆಕ್ಕ. ಕೆನಡಾದ ಜೂನಿಯರ್ ತಂಡಗಳಿಂದ ಡ್ರಾಫ್ಟ್ ಆದ ಹುಡುಗನನ್ನು ಬೇಕೆಂದಾಗ ಎಎಚ್‌ಎಲ್‌ಗೆ ತರುವ ಹಾಗಿರಲಿಲ್ಲ. ಆ ವರ್ಷದ ಡಿಸೆಂಬರ್ 31ರೊಳಗೆ 20 ತುಂಬಬೇಕಿತ್ತು, ಇಲ್ಲವೇ ನಾಲ್ಕು ವರ್ಷ ಜೂನಿಯರ್ ಆಡಿರಬೇಕಿತ್ತು. ಇಲ್ಲದಿದ್ದರೆ ಅವನಿಗಿದ್ದದ್ದು ಎರಡೇ ದಾರಿ, ನೇರ ಎನ್‌ಎಚ್‌ಎಲ್ ಅಥವಾ ಮರಳಿ ಜೂನಿಯರ್. ನಮ್ಮ ಕಿರಿಯ ಹುಟ್ಟಿದ್ದು ಡಿಸೆಂಬರ್ ಕೊನೆಯ ವಾರ. ಹತ್ತು ದಿನ ತಡವಾಗಿ ಹುಟ್ಟಿದ್ದರೆ ಈ ಬರಹದಲ್ಲಿ ಅವನು ಇರುತ್ತಲೇ ಇರಲಿಲ್ಲ.

ಗಡಿಯವನಿಗೆ 26 ವರ್ಷ. ಸೆಂಟರ್ ಆಟಗಾರ, ಅಂದರೆ ಮುಂದಿನ ಸಾಲಿನ ನಡುವೆ ಆಡುವವನು. ಡ್ರಾಫ್ಟಿನ ಏಳು ಸುತ್ತಿನಲ್ಲಿ ಯಾರೂ ಕರೆಯದವನು. ಅಂಥವರು ಮೇಲೆ ಬರುವುದಿಲ್ಲ ಎಂದೇನಿಲ್ಲ. ಕೆನಡಾದ ಸರ್ರೆಯ ಪಂಜಾಬಿ ಮನೆಯ ಅರ್ಶ್‌ದೀಪ್ ಬೈನ್ಸ್‌ನನ್ನೂ ಯಾರೂ ಡ್ರಾಫ್ಟ್ ಮಾಡಲಿಲ್ಲ. 2021-22ರಲ್ಲಿ ಪಶ್ಚಿಮ ಕೆನಡಾದ ಜೂನಿಯರ್ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು, 112 ಅಂಕ ಗಳಿಸಿದ, ಆ ಸೀಸನ್ನಿನಲ್ಲೇ ಎನ್‌ಎಚ್‌ಎಲ್‌ನ ವ್ಯಾಂಕೂವರ್ ತಂಡ ಕರೆಯಿತು. 2025ರಲ್ಲಿ ವ್ಯಾಂಕೂವರಿನ ಕೆಳಗಿನ ಎಎಚ್‌ಎಲ್ ತಂಡ ಆಬಟ್ಸ್‌ಫರ್ಡ್ ಕ್ಯಾಲ್ಡರ್ ಕಪ್ ಗೆದ್ದಾಗ ಅವನು ಆ ತಂಡದಲ್ಲಿದ್ದ. ಕೋಚ್ ಮ್ಯಾನಿ ಮಲ್ಹೋತ್ರಾ. ಟೀವಿ ಮುಂದೆ ಕುಳಿತು ನಾನೂ ಕೂಗಿದ್ದೆ ಎಂಬುದು ಬೇರೆ ಮಾತು. ನಮ್ಮ ಗಡಿಯವ ಅಷ್ಟು ಎತ್ತರದವನಲ್ಲ. ಗೋಲು ಕಡಿಮೆ. ಆದರೆ ಫೇಸಾಫ್‌ನಲ್ಲಿ, ಅಂದರೆ ಆಟ ಶುರುವಾಗುವಾಗ ಇಬ್ಬರ ನಡುವೆ ಹಾಕುವ ಪಕ್‌ಗಾಗಿ (ಐಸ್ ಹಾಕಿಯ ಚಪ್ಪಟೆ ಬಿಲ್ಲೆ) ನಡೆಯುವ ಸೆಣಸಾಟದಲ್ಲಿ, ಬಿಟ್ಟುಕೊಡುವವನಲ್ಲ, ತಂಡದಲ್ಲಿ ಒಬ್ಬ ತಪ್ಪಿಗಾಗಿ ಪೆನಾಲ್ಟಿಗೆಂದು ಹೊರಗೆ ಕೂತಾಗ ಮೊದಲು ಐಸಿಗೆ ಇಳಿಯುವವನು ಅವನೇ. ಅವನ ಒಪ್ಪಂದ ಮೇಲಿನವರ ಜೊತೆಗಲ್ಲ, ನಮ್ಮ ಮಾಲೀಕರ ಜೊತೆಗೆ. ಎನ್‌ಎಚ್‌ಎಲ್ ತಂಡವೊಂದು 50ಕ್ಕಿಂತ ಹೆಚ್ಚು ಒಪ್ಪಂದ ಇಟ್ಟುಕೊಳ್ಳುವಂತಿಲ್ಲ, ಆ ಲೆಕ್ಕಕ್ಕೆ ಎಎಚ್‌ಎಲ್ ಒಪ್ಪಂದ ಸೇರುವುದಿಲ್ಲ. ಅಂದರೆ ಅವನನ್ನು ಉಳಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ತಪ್ಪು

ತಪ್ಪು ನನ್ನದು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ನಿಯಮದಲ್ಲಿ ‘ವೃತ್ತಿಪರ ಪಂದ್ಯಗಳು’ ಎಂದಿದೆ. ಕೆಲಸಕ್ಕೆ ಸೇರಿ ನನಗೆ ನಾಲ್ಕು ತಿಂಗಳು. ಸಂಬಳ ಕೊಟ್ಟು ಆಡಿಸುವುದೆಲ್ಲ ವೃತ್ತಿಪರವೇ ಅಲ್ಲವೇ ಎಂದುಕೊಂಡೆ. ಗಡಿಯವ ಎಎಚ್‌ಎಲ್‌ನಲ್ಲಿ 231, ಎನ್‌ಎಚ್‌ಎಲ್‌ನಲ್ಲಿ 4, ಫಿನ್ಲೆಂಡಿನ ಮೇಲ್ದರ್ಜೆ ಲೀಗಿನಲ್ಲಿ 8 ಪಂದ್ಯ ಆಡಿದ್ದ. ಜೊತೆಗೆ ವೃತ್ತಿಯ ಮೊದಲ ವರ್ಷ ಇನ್ನೂ ಒಂದು ಮೆಟ್ಟಿಲು ಕೆಳಗಿನ ಇಸಿಎಚ್‌ಎಲ್‌ನಲ್ಲಿ 37 ಪಂದ್ಯ. ಎಲ್ಲ ಕೂಡಿಸಿದೆ, 280 ಬಂತು. ಹಾಳೆಯ ಆ ಸಾಲು ತಾನೇ ಕೆಂಪಾಯಿತು. ನಾನು ಹಲಗೆಗೆ ಹೋಗಿ ನೀಲಿ ಬಿಲ್ಲೆ ತೆಗೆದು ಕೆಂಪು ಹಾಕಿದೆ.

ನಿಯಮ ಎಣಿಸುವುದು ಎಎಚ್‌ಎಲ್, ಎನ್‌ಎಚ್‌ಎಲ್ ಮತ್ತು ಯುರೋಪಿನ ಮೇಲ್ದರ್ಜೆ ಲೀಗುಗಳ ಪಂದ್ಯಗಳನ್ನು ಮಾತ್ರ, ಅದೂ ಲೀಗ್ ಹಂತದವು, ಅದರ ನಂತರದ ಕಪ್ಪಿನ ಸುತ್ತುಗಳಾದ ಪ್ಲೇಆಫ್ ಸೇರಿಸುವಂತಿಲ್ಲ. ಇಸಿಎಚ್‌ಎಲ್ ಲೆಕ್ಕಕ್ಕಿಲ್ಲ. ಅವನ ನಿಜವಾದ ಸಂಖ್ಯೆ 243.

ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದು ಕೇಳಬಹುದು. ಐದು ವಾರ ಬೀಳಲಿಲ್ಲ. ಕಾರಣ ಸರಳ, ಬಣ್ಣವನ್ನು ಯಾರೂ ಪ್ರಶ್ನಿಸುವುದಿಲ್ಲ. ಸಂಖ್ಯೆ ಕಂಡಿದ್ದರೆ ಸಹಾಯಕ ಕೋಚ್ ಹುಬ್ಬೇರಿಸುತ್ತಿದ್ದ, ಏಕೆಂದರೆ ಆ ಹುಡುಗ ಇಸಿಎಚ್‌ಎಲ್‌ನಲ್ಲಿ ಆಡಿದ್ದು ಅವನ ಕೈಕೆಳಗೇ. ಹಲಗೆಯ ಮೇಲೆ ಸಂಖ್ಯೆ ಇರಲಿಲ್ಲ. ಕೆಂಪು ಬಿಲ್ಲೆಗಳು ಆರಾಗಿದ್ದವು, ಐದಕ್ಕಿಳಿಯಬೇಕಿತ್ತು. ಯಜಮಾನನನ್ನು ತೆಗೆಯಲಾಗದು, ಗೋಲು ಹೊಡೆಯುವ ವಿಂಗರ್ ಮಾಲೀಕರ ಕಣ್ಮಣಿ, ಉಳಿದ ಮೂವರದು ಮೇಲಿನವರ ಒಪ್ಪಂದ. ಉಳಿದವನು ಗಡಿಯವ. ಅವನ ಏಜೆಂಟನಿಗೆ ಜನರಲ್ ಮ್ಯಾನೇಜರ್ ಹೇಳಿದ್ದು ಇಷ್ಟು: ‘ಶರತ್ಕಾಲದಲ್ಲಿ ಟ್ರೈಔಟ್ ಕೊಡಬಹುದು, ಅದಕ್ಕಿಂತ ಹೆಚ್ಚು ಮಾತು ಕೊಡಲಾರೆ.’ ಟ್ರೈಔಟ್ ಎಂದರೆ 25 ಪಂದ್ಯಗಳ ತಾತ್ಕಾಲಿಕ ಚೀಟಿ. ಮೂರು ವರ್ಷ ಆ ಊರಿನಲ್ಲೇ ಮನೆ ಮಾಡಿಕೊಂಡಿದ್ದ, ಆಗಷ್ಟೇ ಮಗುವಾಗಿದ್ದವನಿಗೆ ಇದು ಬಾಗಿಲು ತೋರಿಸಿದಂತೆಯೇ.

ಜೂನ್ 29ರಂದು ಜುಲೈ ಒಂದರ ತಯಾರಿಗೆ ಅಂತಿಮ ಪಟ್ಟಿ ಮುದ್ರಿಸಿದೆವು. ಮೊದಲ ಬಾರಿಗೆ ಹೆಸರಿನ ಪಕ್ಕ ಸಂಖ್ಯೆಯೂ ಇತ್ತು. ಸಹಾಯಕ ಕೋಚ್ ಕಾಗದ ನೋಡಿ, ‘280 ಹೇಗಾಯ್ತು ಇವನದು?’ ಎಂದ. ನಾನು ವಿವರಿಸಿದೆ. ಅವನು ಏನೂ ಹೇಳದೆ ಪೆನ್ನು ತೆಗೆದು ಇಸಿಎಚ್‌ಎಲ್ ಎಂಬ ಕಾಲಮ್ಮಿನ ಮೇಲೆ ಉದ್ದಕ್ಕೂ ಗೆರೆ ಎಳೆದ. ಹೊಟ್ಟೆಯೊಳಗೆ ಕಲ್ಲು ಬಿದ್ದಂತಾಯಿತು.

ಅರ್ಧ ಗಂಟೆಯೊಳಗೆ ಏಜೆಂಟನಿಗೆ ಫೋನು ಹೋಯಿತು. ಎರಡು ದಿನ ಮೊದಲೇ ನಮ್ಮ ವಿಭಾಗದ್ದೇ ಇನ್ನೊಂದು ತಂಡಕ್ಕೆ ಎರಡು ವರ್ಷದ ಮಾತು ಕೊಟ್ಟಾಗಿತ್ತು. ಸಹಿ ಬೀಳುವುದಷ್ಟೇ ಬಾಕಿ. ಜನರಲ್ ಮ್ಯಾನೇಜರ್ ಹೆಚ್ಚು ದುಡ್ಡು ಹೇಳಿ ನೋಡಿದ. ಕೊಟ್ಟ ಮಾತು ತಪ್ಪುವುದಿಲ್ಲ ಎಂದು ಹುಡುಗ ಹೇಳಿಕಳಿಸಿದ. ನನಗೆ ಬೈಗುಳ ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು.

ಜುಲೈ ಒಂದು

ಗಾಯದ ಮೇಲೆ ಬರೆ ಎಳೆದದ್ದು ಜುಲೈ ಒಂದು. ಆ ದಿನ ಮಧ್ಯಾಹ್ನ 12ಕ್ಕೆ ಎನ್‌ಎಚ್‌ಎಲ್‌ನ ಬಿಡುಗಡೆಯಾದ ಆಟಗಾರರ ಸಂತೆ ತೆರೆಯುತ್ತದೆ. ದೊಡ್ಡ ಹೆಸರುಗಳು ಟೀವಿಯಲ್ಲಿ ಬರುತ್ತವೆ. ನಮ್ಮಂಥವರು ನೋಡುವುದು ಸಂಜೆಯ ಸಣ್ಣಕ್ಷರದ ಸುದ್ದಿಗಳನ್ನು. ‘ಟೂ-ವೇ ಒಪ್ಪಂದ’ ಎಂದು ಬರುವ ಹೆಸರುಗಳೇ ನಮ್ಮ ಪಾಲಿಗೆ ಬರುವವು. ಮೇಲೆ ಆಡಿದ ದಿನಕ್ಕೆ ಒಂದು ಸಂಬಳ, ಕೆಳಗೆ ಆಡಿದ ದಿನಕ್ಕೆ ಅದಕ್ಕಿಂತ ಬಹಳ ಕಡಿಮೆ ಸಂಬಳ.

ಆ ಸಂಜೆ ಮೇಲಿನವರು ಇಬ್ಬರ ಜೊತೆ ಅಂಥ ಒಪ್ಪಂದ ಮಾಡಿಕೊಂಡರು. ಮೇಲೆ ಯಾರಿಗಾದರೂ ಗಾಯವಾದರೆ ಕೈಗೆ ಸಿಗಲಿ ಎಂಬ ಮುಂಜಾಗ್ರತೆ. ಅವರ ದೃಷ್ಟಿಯಿಂದ ಸರಿಯೇ. ಇಬ್ಬರೂ 400 ಪಂದ್ಯ ದಾಟಿದವರು. ಐದು ಜಾಗಕ್ಕೆ ಈಗ ಏಳು ಕೆಂಪು ಬಿಲ್ಲೆಗಳು. ನಮ್ಮ ಜನರಲ್ ಮ್ಯಾನೇಜರ್ ಮೇಲಿನ ಕಚೇರಿಯಲ್ಲೂ ಕುರ್ಚಿ ಇರುವವನು, ಆದರೂ ಎರಡನೆಯವನ ವಿಷಯ ಅವನಿಗೇ ಸಂಜೆ ಐದಕ್ಕೆ ತಿಳಿಯಿತು.

ಈ ತಂಡಗಳ ಬಗ್ಗೆ ಹೊರಗಿನಿಂದ ಮಾತಾಡುವವರು ಆಟಗಾರರನ್ನು ಹೋಲಿಸುತ್ತಾರೆ, ಇವನು ಒಳ್ಳೆಯವನೋ ಅವನೋ ಎಂದು. ಒಳಗೆ ಕುಳಿತವರಿಗೆ ತಿಳಿಯುವುದು ಇನ್ನೊಂದು. ಬೇಸಿಗೆಯಲ್ಲಿ ನಡೆಯುವುದು ಆಟಗಾರರ ಆಯ್ಕೆಗಿಂತ ಹೆಚ್ಚಾಗಿ ಜಾಗದ ಹಂಚಿಕೆ. ಏಳನೇ ಹಳಬ ಎಷ್ಟೇ ಒಳ್ಳೆಯ ಆಟಗಾರನಾಗಲಿ, ಅವನು ಸೂಟು ಹಾಕಿಕೊಂಡು ಗ್ಯಾಲರಿಯಲ್ಲಿ ಕೂರುತ್ತಾನೆ. ದಿನ ಕಳೆದಂತೆ ಅವನ ಮುಖ ನೋಡಿ ಡ್ರೆಸ್ಸಿಂಗ್ ರೂಮಿನ ಮುಖವೂ ಹುಳಿಯಾಗುತ್ತದೆ.

ಏನೇನು ಮಾಡಿ ನೋಡಿದರು

ಮೊದಲು ಇನ್ನೊಬ್ಬ ಅನುಭವಿ ಸೆಂಟರ್ ಸಿಗುತ್ತಾನೆಯೇ ಎಂದು ಹುಡುಕಿದರು. 260ರೊಳಗಿನವನೇ ಬೇಕು. ಜುಲೈ ಹತ್ತರ ಹೊತ್ತಿಗೆ ಅಂಥವರ ಪೈಕಿ ಉಳಿದಿದ್ದವರು ಮೊಣಕಾಲು ಕೆಟ್ಟವರು, ಇಲ್ಲವೇ ಯುರೋಪಿಗೆ ಟಿಕೆಟ್ ತೆಗೆಸಿಕೊಂಡವರು.

ಆಮೇಲೆ ಸ್ವೀಡನ್ನಿನ ಹುಡುಗನನ್ನು ಸೆಂಟರಿಗೆ ಸಿದ್ಧ ಮಾಡೋಣ ಎಂದುಕೊಂಡರು. ಅವನ ಒಪ್ಪಂದದಲ್ಲಿ ಒಂದು ಕಲಮು ಇತ್ತು. ಎನ್‌ಎಚ್‌ಎಲ್ ತಂಡದಲ್ಲಿ ಜಾಗ ಸಿಗದಿದ್ದರೆ ಕೆಳಗೆ ಆಡದೆ ತನ್ನ ದೇಶದ ತಂಡಕ್ಕೆ ಮರಳಬಹುದು. ಅಕ್ಟೋಬರ್ ಮೊದಲ ವಾರ, ಮೇಲಿನ ಶಿಬಿರದಿಂದ ಹೆಸರು ಕೈಬಿಟ್ಟ ದಿನವೇ ಅವನು ಮರಳಿದ. ಇದನ್ನು ನಾನು ಹಾಳೆಯಲ್ಲಿ ಬರೆದಿದ್ದೆ, ಸರಿಯಾಗಿಯೇ ಬರೆದಿದ್ದೆ. ಈ ಸಲ ಓದಿದವರಿಲ್ಲ.

ಹೀಗೆ ಎರಡು ಕುರ್ಚಿ ಖಾಲಿಯಾಗಿ, ಮೊದಲ ಸಾಲಿನ (ಮುಂದೆ ಆಡುವವರು ಸರದಿಯ ಮೇಲೆ ಸಾಲು ಸಾಲಾಗಿ ಐಸಿಗೆ ಇಳಿಯುತ್ತಾರೆ) ಸೆಂಟರ್ ಜಾಗಕ್ಕೆ ಬಂದವನು ಇನ್ನೂ 20 ತುಂಬದ ಕಿರಿಯ. ಜೂನಿಯರ್‌ನಲ್ಲಿ ತನ್ನ ವಯಸ್ಸಿನವರೆದುರು ಅಂಕಗಳ ರಾಶಿ ಹಾಕಿದವನು. ಇಲ್ಲಿ ಎದುರಿಗೆ ನಿಂತವರು ಗಡ್ಡ ಬಿಟ್ಟ ಮೂವತ್ತರ ಗಂಡಸರು. ಮೊದಲ 20 ಪಂದ್ಯಗಳಲ್ಲಿ ಒಂದು ಗೋಲು. ಫೇಸಾಫ್‌ಗಳಲ್ಲಿ ಹತ್ತಕ್ಕೆ ಆರು ಸೋಲು. ಎಎಚ್‌ಎಲ್‌ನಲ್ಲಿ ಶುಕ್ರವಾರ, ಶನಿವಾರ, ಭಾನುವಾರ ಒಂದರ ಹಿಂದೊಂದು ಮೂರು ಪಂದ್ಯ ಬರುವುದುಂಟು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹುಡುಗನ ಕಾಲು ಕಾಲಾಗಿ ಉಳಿಯುತ್ತಿರಲಿಲ್ಲ.

ನವೆಂಬರ್‌ನಲ್ಲಿ ಜುಲೈಯ ಹಳಬರಲ್ಲಿ ಒಬ್ಬನನ್ನು ಬೇರೊಂದು ಎಎಚ್‌ಎಲ್ ತಂಡಕ್ಕೆ ಎರವಲು ಕೊಟ್ಟರು. ಕೆಂಪು ಬಿಲ್ಲೆಗಳು ಆರಾದವು. ಇನ್ನೂ ಒಬ್ಬ ಹೊರಗೆ. ಸರದಿಯ ಮೇಲೆ ಕೂರಿಸತೊಡಗಿದರು, ಆ ಸರದಿ ಯಜಮಾನನಿಗೂ ಬಂತು. ಎದೆಯ ಮೇಲೆ ನಾಯಕನ ಗುರುತಿರುವವನು ಗ್ಯಾಲರಿಯಲ್ಲಿ ಕುಳಿತ ಮೊದಲ ರಾತ್ರಿ ಮಾಲೀಕರು ಎರಡನೇ ಅವಧಿಯಲ್ಲೇ ಎದ್ದು ಹೋದರು.

ಯಜಮಾನ ಮಾತ್ರ ಎದ್ದು ಹೋಗುವ ಪೈಕಿಯಲ್ಲ. ತಾನು ಆಡದ ದಿನದ ಬೆಳಗಿನ ಅಭ್ಯಾಸ ಮುಗಿದ ಮೇಲೆ ಕಿರಿಯನನ್ನು ನಿಲ್ಲಿಸಿಕೊಳ್ಳುತ್ತಿದ್ದ. ಬಕೆಟ್ಟಿನಲ್ಲಿ ನಲವತ್ತು ಪಕ್, ಫೇಸಾಫ್ ಚುಕ್ಕೆ, ಇಬ್ಬರೇ. ಒಂದು ದಿನ ಬೇಲಿಗೊರಗಿ ನಿಂತು ನೋಡಿದೆ. ಹುಡುಗ ಪ್ರತಿ ಸಲ ಕೈ ಬೀಸುತ್ತಿದ್ದ, ಪ್ರತಿ ಸಲ ಸೋಲುತ್ತಿದ್ದ. ಯಜಮಾನ ತನ್ನ ಕೋಲಿನಿಂದ ಹುಡುಗನ ಎಡ ಸ್ಕೇಟನ್ನು ತಟ್ಟಿ ಒಂದು ಗೇಣು ಹಿಂದಕ್ಕೆ ಸರಿಸಿದ. ‘ಕೈ ಆಮೇಲೆ ಕಣಪ್ಪಾ, ಮೊದಲು ಕಾಲು ಊರು’ ಎಂಬ ಅರ್ಥದ ಮಾತು. ಮತ್ತೆ ಪಕ್ ಹಾಕಿದ. ಮತ್ತೆ ಸ್ಕೇಟು ತಟ್ಟಿದ. ಬಕೆಟ್ ಖಾಲಿಯಾಗುವವರೆಗೆ ಹೀಗೇ. ಡಿಫೆನ್ಸಿನವನು ಸೆಂಟರಿಗೆ ಫೇಸಾಫ್ ಹೇಳಿಕೊಡುತ್ತಿದ್ದಾನಲ್ಲ ಎಂದು ಕೋಚನ್ನು ಕೇಳಿದೆ. ‘ಹದಿನೆಂಟು ವಯಸ್ಸಿನವರೆಗೆ ಅವನೂ ಸೆಂಟರೇ’ ಎಂದ. ನನ್ನ ಹಾಳೆಯಲ್ಲಿ ಅದಕ್ಕೆ ಕಾಲಮ್ಮಿರಲಿಲ್ಲ.

ಡಿಸೆಂಬರ್‌ನ ನಿರ್ಧಾರ

ಡಿಸೆಂಬರ್ ಎರಡನೇ ವಾರ ಕೋಚ್ ಒಂದು ಮಾತು ತಂದ. ಹುಡುಗನನ್ನು ಹತ್ತು ಪಂದ್ಯಕ್ಕೆ ಇಸಿಎಚ್‌ಎಲ್‌ಗೆ ಕಳಿಸೋಣ. ಮೇಲಿನ ತಂಡದ ಅಭಿವೃದ್ಧಿ ಕೋಚ್ ಒಪ್ಪಲಿಲ್ಲ. ಡ್ರಾಫ್ಟಿನಲ್ಲಿ ಆರಿಸಿದ ಹುಡುಗನನ್ನು ಎರಡು ಮೆಟ್ಟಿಲು ಕೆಳಗೆ ತಳ್ಳಿದರೆ ನಾವೇ ಅವನ ಮೇಲೆ ‘ಫೇಲು’ ಎಂದು ಬರೆದಂತೆ ಎಂಬುದು ಅವನ ವಾದ. ಕೋಚ್‌ನ ವಾದ ಬೇರೆ. ಇಲ್ಲಿಯೇ ಇಟ್ಟುಕೊಂಡು ನಾಲ್ಕನೇ ಸಾಲಿಗೆ ಇಳಿಸಿದರೆ ರಾತ್ರಿಗೆ ಎಂಟು ನಿಮಿಷ ಆಡುತ್ತಾನೆ, ಅಲ್ಲಿ ಇಪ್ಪತ್ತು ಆಡುತ್ತಾನೆ, ಎದುರಾಳಿಯವನೊಬ್ಬ ಪೆನಾಲ್ಟಿಯಲ್ಲಿರುವಾಗಿನ ಪವರ್ ಪ್ಲೇಯಲ್ಲೂ ಆಡುತ್ತಾನೆ, ಮರೆತುಹೋಗಿರುವ ಪಕ್ಕಿನ ಸ್ಪರ್ಶ ಮರಳುತ್ತದೆ.

ಆ ಕೆಳಗಿನ ಲೀಗಿನ ಬಗ್ಗೆ ಒಂದು ಅಡ್ಡಮಾತು. 1988ರಲ್ಲಿ ಹುಟ್ಟಿದ ಇಸಿಎಚ್‌ಎಲ್ ಅನ್ನು ಬಸ್ಸಿನ ಲೀಗು ಎಂದು ಮೂಗು ಮುರಿಯುವವರಿದ್ದಾರೆ. ಅಲ್ಲೇ ಆಡಿ, ಅಲ್ಲೇ ಕೋಚಾಗಿ 2009ರಲ್ಲಿ ಆ ಲೀಗಿನ ಕೆಲ್ಲಿ ಕಪ್ ಗೆದ್ದ ಜೇರೆಡ್ ಬೆಡ್ನಾರ್ 2016ರಲ್ಲಿ ಕ್ಯಾಲ್ಡರ್ ಕಪ್, 2022ರಲ್ಲಿ ಕೊಲರಾಡೊ ಜೊತೆ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದ. ಮೂರೂ ಮೆಟ್ಟಿಲಿನ ಕಪ್ಪು ಹಿಡಿದ ಕೈ ಅದು. ಆದರೆ ನಮ್ಮ ಸಭೆಯಲ್ಲಿ ಇದನ್ನು ಯಾರೂ ಹೇಳಲಿಲ್ಲ, ವಾದ ಬಗೆಹರಿದದ್ದೂ ಇದರಿಂದಲ್ಲ. ಜನರಲ್ ಮ್ಯಾನೇಜರ್ ಯಜಮಾನನನ್ನು ಕೋಣೆಗೆ ಕರೆಸಿ ಕೇಳಿದ. ಅವನು ಹೇಳಿದ್ದು: ‘ಕಳಿಸಿ. ಆದರೆ ವಾಪಸು ಬರುವ ತಾರೀಖು ಅವನ ಕೈಗೆ ಕೊಟ್ಟು ಕಳಿಸಿ.’

ಈ ಪ್ರಕರಣದ ಅತಿ ಒಳ್ಳೆಯ ನಿರ್ಧಾರ ಇದೇ ಎಂದು ನನ್ನ ಅಭಿಪ್ರಾಯ. ಅಲ್ಲಿ ಹತ್ತು ಪಂದ್ಯದಲ್ಲಿ ಅವನು ಅಂಕಗಳನ್ನು ಬಾಚಿಕೊಂಡದ್ದು ನಿಜ. ಅದಕ್ಕಿಂತ ದೊಡ್ಡದು ತಾರೀಖು. ತನ್ನನ್ನು ಎಸೆದಿಲ್ಲ, ಕಳಿಸಿದ್ದಾರೆ ಎಂದು ಹುಡುಗನಿಗೆ ಗೊತ್ತಿತ್ತು. ಜನವರಿ ಮೊದಲ ವಾರ, ಹೇಳಿದ ದಿನವೇ, ರಾತ್ರಿ ಹನ್ನೊಂದಕ್ಕೆ ಎರಡು ಕೋಲು ಹೆಗಲಿಗೆ ಹಾಕಿಕೊಂಡು ಬಂದಿಳಿದ. ಮೇಲಿನವರು ಇನ್ನೊಂದು ವಾರ ಅಲ್ಲೇ ಇರಲಿ ಎಂದಿದ್ದರು, ಚೆನ್ನಾಗಿ ಆಡುತ್ತಿದ್ದಾನಲ್ಲ ಎಂದು. ಜನರಲ್ ಮ್ಯಾನೇಜರ್ ಒಪ್ಪಲಿಲ್ಲ.

ಏನಾಯಿತು

ಕಿರಿಯ ಮರಳಿದ ಮೇಲೆ ಎರಡನೇ ಸಾಲಿನಲ್ಲಿ ಆಡಿದ. ಫೇಸಾಫ್ ಅರ್ಧಕ್ಕರ್ಧಕ್ಕೆ ಬಂತು. ಮಾರ್ಚ್ ಹೊತ್ತಿಗೆ ಕೊನೆಯ ನಿಮಿಷದಲ್ಲಿ ಒಂದು ಗೋಲು ಮುಂದಿದ್ದಾಗಲೂ ಅವನನ್ನೇ ಇಳಿಸುತ್ತಿದ್ದರು. ಮುಂದಿನ ವರ್ಷ ಎನ್‌ಎಚ್‌ಎಲ್‌ನಲ್ಲಿ ಅವನ ಮೊದಲ ಪಂದ್ಯವೂ ಆಯಿತು.

ತಂಡದ ಗತಿ ಬೇರೆ. ಈ ಲೀಗಿನ 32ರಲ್ಲಿ 23 ತಂಡಗಳು ಪ್ಲೇಆಫಿಗೆ ಹೋಗುತ್ತವೆ. ಹೋಗದಿರುವುದೇ ಕಷ್ಟ. ನಾವು ಆ ಕಷ್ಟದ ಕೆಲಸ ಮಾಡಿದೆವು, ಎರಡು ಪಾಯಿಂಟಿನಲ್ಲಿ. ಫೆಬ್ರವರಿಯ ಒಂದು ಶನಿವಾರ ಗಡಿಯವ ಹೊಸ ಜೆರ್ಸಿಯಲ್ಲಿ ನಮ್ಮ ರಿಂಕಿಗೆ ಬಂದ, ಒಂದು ಗೋಲು ಹೊಡೆದ, ಕೊನೆಯ ಮುಖ್ಯ ಫೇಸಾಫ್ ಗೆದ್ದ, ಅವರು ಒಂದು ಗೋಲಿನಿಂದ ಗೆದ್ದರು. ಆ ಗೆಲುವಿನ ಪಾಯಿಂಟುಗಳು ಎರಡೇ. ಪಂದ್ಯ ಮುಗಿದ ಮೇಲೆ ನಮ್ಮ ಜನ ಎದ್ದು ನಿಂತು ಅವನಿಗೆ ಚಪ್ಪಾಳೆ ತಟ್ಟಿದರು. ನಾನು ಮಹಡಿಯ ಕೋಣೆಯಲ್ಲೇ ಕುಳಿತಿದ್ದೆ.

ಯಜಮಾನ ಹದಿನೇಳು ರಾತ್ರಿ ಗ್ಯಾಲರಿಯಲ್ಲಿ ಕಳೆದ. ಸೀಸನ್ ಮುಗಿದ ಮೇಲೆ ಆಟ ಬಿಟ್ಟು, ಕಿರಿಯ ಹೋಗಿ ಬಂದಿದ್ದ ಅದೇ ಇಸಿಎಚ್‌ಎಲ್ ತಂಡಕ್ಕೆ ಸಹಾಯಕ ಕೋಚಾಗಿ ಸೇರಿಕೊಂಡ.

ಇದರಿಂದ ತಿಳಿದದ್ದು

ತಂಡದ ಒಳಗೆ ಆಮೇಲೆ ಒಂದು ಕಥೆ ಹುಟ್ಟಿಕೊಂಡಿತು. ಲೆಕ್ಕ ತಪ್ಪಿದ್ದೇ ಒಳ್ಳೆಯದಾಯಿತು, ಗಡಿಯವ ಹೋಗಿದ್ದರಿಂದ ಕಿರಿಯನಿಗೆ ಜಾಗ ಸಿಕ್ಕಿತು, ಹುಡುಗ ಬೆಂಕಿಯಲ್ಲಿ ಬೆಂದು ಗಟ್ಟಿಯಾದ ಎಂದು. ನನ್ನ ಮನಸ್ಸು ತಣಿಸಲು ಹೇಳುತ್ತಿದ್ದರೋ ಏನೋ. ನಾನಿದನ್ನು ಒಪ್ಪುವುದಿಲ್ಲ. ಗಡಿಯವ ಇದ್ದಿದ್ದರೆ ಕಿರಿಯ ವಿಂಗಿನಲ್ಲಿ ನೆರಳಿನಡಿ ಶುರು ಮಾಡುತ್ತಿದ್ದ, ಮಾರ್ಚಿಗೆ ಅಷ್ಟೇ ದೂರ ಬರುತ್ತಿದ್ದ, ಮೇಲಾಗಿ ಏಪ್ರಿಲ್‌ನಲ್ಲಿ ಪ್ಲೇಆಫ್ ಪಂದ್ಯಗಳೂ ಸಿಗುತ್ತಿದ್ದವು. ಇದಕ್ಕೆ ಸಾಕ್ಷಿ ಕೊಡಲಾರೆ. ಅವರ ಕಥೆಗೂ ಸಾಕ್ಷಿಯಿಲ್ಲ. ಅದೃಷ್ಟದಿಂದ ಒದಗಿದ್ದನ್ನು ಯೋಜನೆಯ ಫಲ ಎಂದು ಬರೆದುಕೊಂಡರೆ ಮುಂದಿನ ಬೇಸಿಗೆಯಲ್ಲೂ ಅದೇ ತಪ್ಪನ್ನು ಕೈಯಾರೆ ಮಾಡುತ್ತೇವೆ, ನನ್ನ ಭಯ ಅದು.

ನಾವು ನಿಜಕ್ಕೂ ಬದಲಿಸಿದ್ದು ಮೂರು ಸಣ್ಣ ವಿಷಯ. ಬಿಲ್ಲೆಯ ಮೇಲೆ ಹೆಸರಿನ ಜೊತೆ ಸಂಖ್ಯೆಯೂ ಬಂತು. 220ರಿಂದ 330ರೊಳಗಿನ ಪ್ರತಿಯೊಬ್ಬನ ಎಣಿಕೆಯನ್ನು ಮೇ ಮುಗಿಯುವ ಮೊದಲು ಲೀಗಿನ ಕಚೇರಿಗೆ ಕಳಿಸಿ ಖಚಿತ ಮಾಡಿಕೊಳ್ಳತೊಡಗಿದೆವು. ಮತ್ತು ಜೂನ್ ಮಧ್ಯದಲ್ಲಿ ಜನರಲ್ ಮ್ಯಾನೇಜರ್ ಮೇಲಿನವರಿಂದ ಒಂದೇ ಪ್ರಶ್ನೆಗೆ ಬರಹದಲ್ಲಿ ಉತ್ತರ ತೆಗೆದುಕೊಳ್ಳುತ್ತಿದ್ದ: ಜುಲೈಯಲ್ಲಿ ಹಳಬರು ಎಷ್ಟು ಜನ ಬರುತ್ತಾರೆ? ಯಾರು ಎಂದು ಕೇಳುತ್ತಿರಲಿಲ್ಲ, ಅದು ಅವರಿಗೂ ಗೊತ್ತಿರುವುದಿಲ್ಲ. ಎಷ್ಟು ಎಂದು ಮಾತ್ರ. ಮಾಲೀಕರಿಗೂ ಮೇಲಿನವರಿಗೂ ನಡುವಿನ ಜಗಳ ಇದರಿಂದೇನೂ ನಿಲ್ಲಲಿಲ್ಲ. ಅದು ಆ ಏರ್ಪಾಡಿನ ಹುಟ್ಟುಗುಣ. ಆದರೆ ಜಗಳ ಜುಲೈಯಿಂದ ಜೂನಿಗೆ ಬಂತು, ಇನ್ನೂ ಏನಾದರೂ ಮಾಡಲು ಕಾಲವಿರುವಾಗ.

ಗಡಿಯವನ ಎರಡು ವರ್ಷದ ಮಾತು ಒಂದೇ ವರ್ಷಕ್ಕೆ ನಿಂತಿತು. ಆ ತಂಡದ ಮೇಲಿನವರು ಬದಲಾದರು, ಹೊಸಬರು ತಮ್ಮ ಜನರನ್ನು ತಂದರು, ಇವನನ್ನು ಬಿಟ್ಟುಕೊಟ್ಟರು. ಜೂನ್‌ನಲ್ಲಿ ಅವನ ಏಜೆಂಟನೇ ಫೋನು ಮಾಡಿದ. ನಮ್ಮ ಹಳದಿ ಬಿಲ್ಲೆಯ ಡಿಫೆನ್ಸಿನವನು 320 ದಾಟಿ ಬೇರೆ ಕಡೆ ಹೋಗಿದ್ದ, ಆ ಜಾಗ ಖಾಲಿ ಇತ್ತು.

ಜನರಲ್ ಮ್ಯಾನೇಜರ್ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದ. ‘ಎಷ್ಟೀಗ ಅವನದು?’

‘312. ಎರಡು ಸಲ ಎಣಿಸಿದ್ದೇನೆ, ಲೀಗಿನವರ ಉತ್ತರವೂ ಬಂದಿದೆ.’

ಅವನು ತಲೆಯಾಡಿಸಿದ. ಏಜೆಂಟನಿಗೆ ಹತ್ತು ನಿಮಿಷ ಬಿಟ್ಟು ಮಾಡುತ್ತೇನೆಂದು ಹೇಳಿ ಫೋನಿಟ್ಟ. ಆಮೇಲೆ ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಮೇಜಿನ ಮೇಲೆ ಹರವಿ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ತಾನೇ ಕೂಡಿಸತೊಡಗಿದ.